ಸರ್ವೆಯ ಲೆಕ್ಕ ಕೈಕೊಟ್ಟಾಗ: ‘ಯಾರನ್ನು ಅಳೆದೆವು’ ಅನ್ನೋ ದೋಷ ಹುಡುಕುವ ಬಗೆ

ಕೆಲವು ವರ್ಷದ ಹಿಂದೆ ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಪಶು ಆಹಾರದ ಬಗ್ಗೆ ಒಂದು ಸರ್ವೆ ಮಾಡಿದ್ದೆವು. ಹಸು ಸಾಕುವವರು ಯಾವ ಹಿಂಡಿ ಹಾಕುತ್ತಾರೆ, ಬೂಸಾ ಎಷ್ಟು ತರುತ್ತಾರೆ, ತಿಂಗಳಿಗೆ ಖರ್ಚೆಷ್ಟು, ಇಷ್ಟು ತಿಳಿಯಬೇಕಿತ್ತು. ಪ್ರಶ್ನೆಗಳು ಚೆನ್ನಾಗಿದ್ದವು. ಹುಡುಗರು ಬಿಸಿಲಲ್ಲಿ ನಿಯತ್ತಾಗಿ ತಿರುಗಿದರು. ಲೆಕ್ಕ ಹಾಕಿ ನೋಡಿದರೆ ಹಸು ಸಾಕುವವರು ಹೆಚ್ಚುಕಡಿಮೆ ಎಲ್ಲರೂ ಡೇರಿಗೆ ಹಾಲು ಹಾಕುತ್ತಾರೆ ಅಂತ ಬಂತು.

ಆ ಲೆಕ್ಕ ಹಿಡಿದುಕೊಂಡು ಒಂದು ಹಳ್ಳಿಗೆ ವಾಪಸ್ ಹೋಗಿ ಡೇರಿ ಮುಂದಿನ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದೆವು. ಅಜ್ಜಿಯೊಬ್ಬರು ನಿಂತು ಕೇಳಿಸಿಕೊಂಡರು. ಆಮೇಲೆ ಕೇಳಿದರು: ‘ನಮ್ಮನೇಲೂ ಎರಡು ಹಸು ಇದಾವೆ ಕಣಪ್ಪಾ. ನನ್ನನ್ನ ಯಾರೂ ಕೇಳಲೇ ಇಲ್ವಲ್ಲ?’ ಅವರದು ವರ್ತನೆ ಹಾಲು. ಬೆಳಿಗ್ಗೆ ನಾಲ್ಕು ಮನೆಗೆ, ಒಂದು ಹೋಟೆಲಿಗೆ ಕೊಟ್ಟು ಬರುತ್ತಾರೆ. ಡೇರಿ ಮೆಟ್ಟಿಲು ಹತ್ತುವುದಿಲ್ಲ. ನಾವು ಹೆಸರು ಆರಿಸಿದ್ದು ಡೇರಿಯ ಸದಸ್ಯರ ಪಟ್ಟಿಯಿಂದ. ಆ ಪಟ್ಟಿಯಲ್ಲಿ ಅಜ್ಜಿ ಇರುವುದಾದರೂ ಹೇಗೆ?

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಹುಡುಗರ ತಪ್ಪೂ ಅಲ್ಲ. ‘ಹಸು ಸಾಕುವವರು’ ಅಂತ ವರದಿಯಲ್ಲಿ ಬರೆದು, ಅಳೆದದ್ದು ‘ಡೇರಿ ಸದಸ್ಯರನ್ನು’. ಈ ದೋಷ ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ, ಕಂಪ್ಯೂಟರ್ ಕೆಂಪು ಗೆರೆ ಹಾಕುವುದಿಲ್ಲ. ಬೇರೆ ಯಾವುದೋ ರೋಗದ ಹಾಗೆ ಹೊರಗೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಪ್ರಾಜೆಕ್ಟ್ ಮಾಡುವ ಎಂ.ಕಾಂ., ಎಂಬಿಎ ವಿದ್ಯಾರ್ಥಿಗಳಿಗೆ, ಸಂಘ ಸಂಸ್ಥೆಯವರಿಗೆ, ಸಣ್ಣ ಉದ್ದಿಮೆಯವರಿಗೆ ಕೆಲಸಕ್ಕೆ ಬರಲಿ ಅಂತ ಈ ಲಕ್ಷಣಗಳನ್ನು ಬರೆದಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಮತ್ತೆ ಹಳ್ಳಿಗೆ ಹೋಗಬೇಕಾದ್ದು ಆಮೇಲೆ.

ಎಲ್ಲಕ್ಕಿಂತ ಮೊದಲು: ಒಂದು ಚೀಟಿ

ಸಂಖ್ಯಾಶಾಸ್ತ್ರದವರು ‘ಸಮಷ್ಟಿ’ ಅನ್ನುವುದನ್ನು ಸರ್ವೆ ಕೆಲಸದವರು ಪಾಪ್ಯುಲೇಷನ್ ಅನ್ನುತ್ತಾರೆ. ಟೇಬಲ್ ಕೆಳಗೆ ಬರೆಯುವಾಗ ಅದೇ ‘ಬೇಸ್’. ಇದು ಜನಸಂಖ್ಯೆಯೇ ಆಗಬೇಕಿಲ್ಲ. ಹಸು ಇರುವ ಮನೆಗಳು, ಕಿರಾಣಿ ಅಂಗಡಿಗಳು, ಮಾರುಕಟ್ಟೆಗೆ ಬಂದ ರೇಷ್ಮೆ ಗೂಡಿನ ಲಾಟುಗಳು, ಏನು ಬೇಕಾದರೂ ಆಗಬಹುದು. ಯಾವ ಗುಂಪಿನ ಬಗ್ಗೆ ಕೊನೆಗೆ ಮಾತು ಹೇಳುತ್ತೀರೋ ಆ ಇಡೀ ಗುಂಪು ಅದು.

ಒಂದು ಚೀಟಿ ತೊಗೊಳ್ಳಿ. ನಾಲ್ಕು ಮಾತು ಬರೆಯಿರಿ. ಎಣಿಸುತ್ತಿರುವುದು ಏನನ್ನು: ಮನುಷ್ಯರನ್ನೋ, ಮನೆಯನ್ನೋ, ಅಂಗಡಿಯನ್ನೋ? ಅದಕ್ಕೆ ಯಾವ ಗುಣ ಇರಬೇಕು? ಯಾವ ಜಾಗದ ಗಡಿಯೊಳಗೆ? ಯಾವ ಅವಧಿಯಲ್ಲಿ? ನಮ್ಮ ಚೀಟಿ ಹೀಗಿರಬೇಕಿತ್ತು: ‘ಈ ಹದಿನಾಲ್ಕು ಹಳ್ಳಿಗಳಲ್ಲಿ, ಸರ್ವೆ ದಿನ ಕೊಟ್ಟಿಗೆಯಲ್ಲಿ ಒಂದಾದರೂ ಹಸು ಅಥವಾ ಎಮ್ಮೆ ಇರುವ ಮನೆಗಳು.’

ಈಗ ಅದೇ ಚೀಟಿಯ ಹಿಂದೆ, ಹೆಸರುಗಳನ್ನು ಯಾವ ಪಟ್ಟಿಯಿಂದ ತೆಗೆದಿರಿ ಅಂತ ಬರೆಯಿರಿ. ಅದರ ಕೆಳಗೆ, ನಿಜವಾಗಿ ಉತ್ತರ ಕೊಟ್ಟವರು ಯಾರು ಅಂತ ಬರೆಯಿರಿ. ಬೇಕಾದ ಗುಂಪು, ಪಟ್ಟಿಯಲ್ಲಿದ್ದ ಗುಂಪು, ಉತ್ತರಿಸಿದ ಗುಂಪು. ಈ ಮೂರು ಒಂದೇ ಆಗಿರುವುದು ತೀರಾ ಅಪರೂಪ. ಎಲ್ಲಿ ಬಿರುಕು ಬಿಟ್ಟಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ಮಾತಲ್ಲಿ ಒಂದನ್ನು ಬರೆಯಲು ಆಗುತ್ತಿಲ್ಲ ಅಂದರೆ ಮುಂದೆ ಓದುವುದೇ ಬೇಡ, ದೋಷ ಅಲ್ಲೇ ಇದೆ.

ಲಕ್ಷಣ: ನಿಮ್ಮ ಸಂಖ್ಯೆಗೂ ಸರ್ಕಾರದ ಸಂಖ್ಯೆಗೂ ತಾಳೆ ಆಗುತ್ತಿಲ್ಲ

ಇದಕ್ಕೆ ಬೇಕಾಗಿರುವುದು ಹತ್ತು ನಿಮಿಷ, ಒಂದು ಜೊತೆ ಕಣ್ಣು. ಎರಡೂ ಟೇಬಲ್ಲಿನ ತಲೆಬರಹ ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069. 2011ರಲ್ಲಿ 15,36,401. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಕಡಿಮೆ! ವಿದ್ಯಾರ್ಥಿಯೊಬ್ಬರು ಇದನ್ನು ಗ್ರಾಫ್ ಮಾಡಿ, ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ್ದೇ ಕಾರಣ ಅಂತ ಒಂದು ಪುಟ ವಿವರಣೆಯನ್ನೂ ಬರೆದು ತಂದಿದ್ದರು. ಓದಲು ಸರಿಯಾಗೇ ಇತ್ತು. ಆದರೆ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. 2011ರಲ್ಲಿ ಅಲ್ಲಿನ ಜನಸಂಖ್ಯೆ 12,55,104. ಎರಡನ್ನೂ ಕೂಡಿದರೆ 27,91,505. ಅಂದರೆ ಹಳೇ ಕೋಲಾರದ ಗಡಿಯೊಳಗೆ ಜನ ಸುಮಾರು ಶೇ. 10ರಷ್ಟು ಜಾಸ್ತಿಯೇ ಆಗಿದ್ದಾರೆ. ಹೆಸರು ಅದೇ ಉಳಿದಿದೆ, ಅಳೆದ ಜಾಗ ಬೇರೆ ಆಗಿದೆ. ತಾಲ್ಲೂಕು ಒಡೆದಾಗ, ಊರು ನಗರಸಭೆಗೆ ಸೇರಿದಾಗಲೂ ಇದೇ ಆಗುತ್ತದೆ. ಹಳೇ ಅಂಕಿ ಮತ್ತು ಹೊಸ ಅಂಕಿ ಪಕ್ಕಪಕ್ಕ ಇಡುವ ಮುಂಚೆ ಗಡಿ ಕೂಡಿಸಿಕೊಳ್ಳಿ.

ಗಡಿ ಸರಿ ಇದೆ, ಆದರೂ ತಾಳೆ ಇಲ್ವಾ? ಹಾಗಾದರೆ ಭಾಗಿಸಿದ ಸಂಖ್ಯೆ ನೋಡಿ. ನಿರುದ್ಯೋಗದ ಲೆಕ್ಕದಲ್ಲಿ ಇದು ತುಂಬಾ ಜನರ ಕಾಲಿಗೆ ಸಿಕ್ಕುತ್ತದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ 2017ರಿಂದ ನಡೆಯುತ್ತಿದೆ. ಅದರಲ್ಲಿ ನಿರುದ್ಯೋಗ ದರ ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಬೇಕು ಅನ್ನುವವರು ಸೇರಿದ ಗುಂಪಿನಲ್ಲಿ ಕೆಲಸ ಸಿಗದವರ ಪಾಲು. ಊರಿನ ಎಲ್ಲ ಜನರಲ್ಲಿ ಪಾಲು ಅಲ್ಲ. ನೂರು ವಯಸ್ಕರಲ್ಲಿ 50 ಜನ ಕೆಲಸ ಮಾಡುತ್ತಾರೆ, 5 ಜನ ಹುಡುಕುತ್ತಿದ್ದಾರೆ, 45 ಜನ ಓದು, ಮನೆ, ಮುಪ್ಪು ಅಂತ ಹೊರಗಿದ್ದಾರೆ ಅಂದುಕೊಳ್ಳಿ. ದರ 5 ಅಲ್ಲ. 5ನ್ನು 55ರಿಂದ ಭಾಗಿಸಬೇಕು, ಶೇ. 9ರಷ್ಟು ಬರುತ್ತದೆ. ಇನ್ನೊಂದು ವಿಷಯ. ಆ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನದಲ್ಲಿ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಅವರು ಕೆಲಸದಲ್ಲಿದ್ದವರೇ. ನೀವು ‘ನಿಮಗೆ ಕೆಲಸ ಇದೆಯಾ?’ ಅಂತ ಸುಮ್ನೆ ಕೇಳಿದರೆ, ವಾರಕ್ಕೆ ಎರಡು ದಿನ ಕೂಲಿಗೆ ಹೋಗುವ ಹೆಂಗಸು ‘ಇಲ್ಲಪ್ಪಾ’ ಅನ್ನುತ್ತಾರೆ. ಸಂಖ್ಯೆ ಬೇರೆ ಆಗಲೇಬೇಕು.

‘ನಗರ’ ಅನ್ನುವ ಮಾತೂ ಹಾಗೇ. ಜನಗಣತಿ ಪ್ರಕಾರ ನಗರಸಭೆ, ಪುರಸಭೆ ಇರುವ ಜಾಗಗಳಷ್ಟೇ ನಗರ ಅಲ್ಲ. 5,000 ಜನ, ದುಡಿಯುವ ಗಂಡಸರಲ್ಲಿ ಶೇ. 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿ, ಚದರ ಕಿಲೋಮೀಟರಿಗೆ 400 ಜನ, ಈ ಮೂರೂ ಇದ್ದರೆ ಗ್ರಾಮ ಪಂಚಾಯಿತಿ ಇರುವ ಊರೂ ಅದರ ಲೆಕ್ಕದಲ್ಲಿ ನಗರ. ಪಂಚಾಯಿತಿ ಪಟ್ಟಿ ಹಿಡಿದು ‘ಗ್ರಾಮೀಣ’ ಅಂತ ಬರೆದವರಿಗೂ ಜನಗಣತಿಗೂ ಹೊಂದುವುದಿಲ್ಲ.

ಕಾರ್ಖಾನೆ ಲೆಕ್ಕದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಮುಖ್ಯವಾಗಿ, 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಡಿ ನೋಂದಾಯಿಸಿದ ಘಟಕಗಳನ್ನು ಹಿಡಿಯುತ್ತಾ ಬಂದಿದೆ: ವಿದ್ಯುತ್ ಬಳಸಿದರೆ ಕನಿಷ್ಠ 10 ಕೆಲಸಗಾರರು, ಬಳಸದಿದ್ದರೆ 20 ಅಂತ ಆ ಕಾಯ್ದೆಯಲ್ಲಿತ್ತು. ಶಿಡ್ಲಘಟ್ಟದಲ್ಲಿ ಮನೆ ಹಿಂದೆ ಶೆಡ್ ಹಾಕಿಕೊಂಡು ಗೂಡಿನಿಂದ ನೂಲು ತೆಗೆಯುವ ಎಷ್ಟೋ ರೀಲರುಗಳು ಅದರಲ್ಲಿ ಬರುವುದೇ ಇಲ್ಲ. ಆ ಅಂಕಿ ಇಟ್ಟುಕೊಂಡು ‘ಈ ಊರಲ್ಲಿ ಉದ್ಯಮ ಇಲ್ಲ’ ಅಂದರೆ ಆ ಊರಿಗೆ ಅನ್ಯಾಯ.

ಲಕ್ಷಣ: ಮನೆಗಳ ಲೆಕ್ಕ ಜಾಸ್ತಿ ಬರುತ್ತಿದೆ, ಇಲ್ಲವೇ ಶೇಕಡಾ ನೂರು ದಾಟುತ್ತಿದೆ

ಇದು ಘಟಕದ ಗೊಂದಲ, ಅಂದರೆ ಯಾವುದನ್ನು ‘ಒಂದು’ ಅಂತ ಎಣಿಸಬೇಕು ಅನ್ನುವ ಗೊಂದಲ. ‘ಮನೆ’ ಅಂದಾಗ ಒಬ್ಬ ಹುಡುಗ ಬಾಗಿಲು ಎಣಿಸಿದ್ದಾನೆ, ಇನ್ನೊಬ್ಬ ರೇಷನ್ ಕಾರ್ಡು, ಮತ್ತೊಬ್ಬ ಕರೆಂಟ್ ಮೀಟರು. ಅಣ್ಣತಮ್ಮಂದಿರು ಒಂದೇ ತೊಟ್ಟಿ ಮನೆಯಲ್ಲಿದ್ದು ಎರಡು ಒಲೆ ಹಚ್ಚಬಹುದು. ಒಂದೇ ಒಲೆಯ ಮನೆಯಲ್ಲಿ ಎರಡು ಕಾರ್ಡು ಇರಬಹುದು. ಹಿಂದಿನ ಬಾಡಿಗೆ ಕೋಣೆಗೂ ಮುಂದಿನ ಮನೆಗೂ ಒಂದೇ ಮೀಟರು ಇರಬಹುದು.

ಜನಗಣತಿ, ರಾಷ್ಟ್ರೀಯ ಮಾದರಿ ಸಮೀಕ್ಷೆ ಎರಡೂ ಹಿಡಿಯುವ ಗುರುತು ಅಡುಗೆಮನೆ. ಒಟ್ಟಿಗೆ ವಾಸ ಮಾಡುತ್ತಾ ಒಂದೇ ಒಲೆಯ ಊಟ ಮಾಡುವವರು ಒಂದು ಕುಟುಂಬ. ನನ್ನ ಸಲಹೆಯೂ ಅದೇ. ಹಳ್ಳಿಯಲ್ಲಿ ‘ನಿಮ್ಮದು ಎಷ್ಟು ಒಲೆ ತಾಯಿ?’ ಅಂತ ಕೇಳಿದರೆ ತಕ್ಷಣ ಸರಿಯಾದ ಉತ್ತರ ಸಿಗುತ್ತದೆ. ‘ನಿಮ್ಮದು ಎಷ್ಟು ಕುಟುಂಬ?’ ಅಂದರೆ ಕಾರ್ಡು, ಸೌಲಭ್ಯ, ಭಾಗ ಎಲ್ಲ ನೆನಪಾಗಿ ಮಾತು ಬೇರೆ ಕಡೆ ಹೋಗುತ್ತದೆ.

ಪರೀಕ್ಷೆ ಸುಲಭ. ಭರ್ತಿಯಾದ ಫಾರಂಗಳಲ್ಲಿ ಇಪ್ಪತ್ತನ್ನು ತೆಗೆದು, ಹುಡುಗರನ್ನೆಲ್ಲ ಒಟ್ಟಿಗೆ ಕೂರಿಸಿ, ‘ಇದನ್ನು ನೀನು ಒಂದು ಮನೆ ಅಂತ ಯಾಕೆ ಬರೆದೆ?’ ಅಂತ ಕೇಳಿ. ಎರಡು ಥರ ಉತ್ತರ ಬಂದರೆ ದೋಷ ಸಿಕ್ಕಿತು. ಒಬ್ಬರನ್ನೇ ಪಕ್ಕಕ್ಕೆ ಕರೆದು ಗದರಬೇಡಿ. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು.

ಲಕ್ಷಣ: ಊರಿನವರು ವರದಿ ಓದಿ ‘ಇದು ನಮ್ಮೂರ ಹಾಗಿಲ್ವಲ್ಲ’ ಅನ್ನುತ್ತಾರೆ

ಈ ಮಾತನ್ನು ತಳ್ಳಿಹಾಕಬೇಡಿ. ನನ್ನ ಅನುಭವದಲ್ಲಿ ಅತಿ ಬೆಲೆಬಾಳುವ ಲಕ್ಷಣ ಇದೇ. ಜನ ಸೇರುವ ಜಾಗದಲ್ಲಿ ನಿಂತು ಸರ್ವೆ ಮಾಡಿದ್ದೀರಾ ಅಂತ ಮೊದಲು ನೋಡಿ.

ಕೋಲಾರದ ಟೊಮ್ಯಾಟೊ ಮಂಡಿ ಎಲ್ಲರಿಗೂ ಗೊತ್ತು. ಸುಗ್ಗಿಯಲ್ಲಿ ಬೆಳಗಿನ ಹೊತ್ತಿಗೆ 15 ಕೆಜಿಯ ಕ್ರೇಟುಗಳು ಗೋಡೆ ಕಟ್ಟಿದ ಹಾಗೆ ನಿಂತಿರುತ್ತವೆ. ಹರಾಜು ಕೂಗುವ ಸದ್ದು, ಟೆಂಪೋ ಹಿಂದಕ್ಕೆ ಬರುವ ಸದ್ದು, ಒದ್ದೆ ನೆಲ. ‘ಟೊಮ್ಯಾಟೊ ಬೆಳೆಗಾರರ ಸರ್ವೆ’ ಅಂದ ತಕ್ಷಣ ಎಲ್ಲರಿಗೂ ಹೊಳೆಯುವ ಜಾಗ ಇದು. ನೂರು ರೈತರು ಒಂದೇ ಬೆಳಿಗ್ಗೆ ಸಿಗುತ್ತಾರೆ, ಊರೂರು ಅಲೆಯುವ ಪೆಟ್ರೋಲ್ ಉಳಿಯುತ್ತದೆ. ಆದರೆ ಅಲ್ಲಿ ಸಿಗುವವರು ಯಾರು ಅಂತ ನಿಂತು ಯೋಚಿಸಿ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಹೀಗೆ ಇಟ್ಟುಕೊಳ್ಳೋಣ. ಒಂದು ಕಡೆ ನೂರು ಬೆಳೆಗಾರರಿದ್ದಾರೆ. 80 ಜನರದು ಒಂದೊಂದು ಎಕರೆ, ವಾರಕ್ಕೆ ಒಂದು ಸಲ ಮಂಡಿಗೆ ಬರುತ್ತಾರೆ. 20 ಜನರದು ಐದೈದು ಎಕರೆ, ವಾರಕ್ಕೆ ಮೂರು ಸಲ ಬರುತ್ತಾರೆ. ಬೆಳೆಗಾರರ ನಿಜವಾದ ಸರಾಸರಿ 1.8 ಎಕರೆ. ಆದರೆ ವಾರಪೂರ್ತಿ ಮಂಡಿ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಬರೆದರೆ ಚಿಕ್ಕವರ 80 ಭೇಟಿ, ದೊಡ್ಡವರ 60 ಭೇಟಿ ಸಿಗುತ್ತದೆ. ಸರಾಸರಿ 2.7 ಎಕರೆ! ಒಬ್ಬರೂ ಸುಳ್ಳು ಹೇಳಿಲ್ಲ. ಆದರೂ ಬೆಳೆಗಾರ ಇರುವುದಕ್ಕಿಂತ ಒಂದೂವರೆ ಪಟ್ಟು ದೊಡ್ಡವನಾಗಿ ಕಾಣುತ್ತಾನೆ. ನಾವು ಎಣಿಸಿದ್ದು ಬೆಳೆಗಾರರನ್ನಲ್ಲ, ಭೇಟಿಗಳನ್ನು. ಇದರ ಜೊತೆಗೆ, ತೋಟದಲ್ಲೇ ವ್ಯಾಪಾರಿಗೆ ಮಾರಿದವರು, ಅಕ್ಕಪಕ್ಕದ ನಾಲ್ಕು ಜನರ ಕ್ರೇಟನ್ನು ಒಂದೇ ಟೆಂಪೋದಲ್ಲಿ ಕಳಿಸಿದವರು ಮಂಡಿಯಲ್ಲಿ ಕಾಣುವುದೇ ಇಲ್ಲ. ರೇಟು ಬಿದ್ದಾಗ ಕೀಳದೆ ಗಿಡದಲ್ಲೇ ಬಿಟ್ಟವರಂತೂ ಲೆಕ್ಕದಿಂದ ಪೂರ್ತಿ ಹೊರಗೆ. ನಷ್ಟದ ಬಗ್ಗೆ ಸರ್ವೆ ಮಾಡುತ್ತಿದ್ದರೆ ಮೊದಲು ಮಾತಾಡಿಸಬೇಕಾದವರೇ ಅವರು, ಅಲ್ವಾ?

ಅರ್ಧ ದುರಸ್ತಿ ಮಂಡಿಯಲ್ಲೇ ಆಗುತ್ತದೆ. ‘ಕಳೆದ ಏಳು ದಿನದಲ್ಲಿ ಎಷ್ಟು ಸಲ ಬಂದಿದ್ದೀರಿ ಅಣ್ಣಾ?’ ಅನ್ನೋ ಒಂದು ಪ್ರಶ್ನೆ ಸೇರಿಸಿ. ಮೂರು ಸಲ ಬಂದವರ ಉತ್ತರಕ್ಕೆ ಮೂರನೇ ಒಂದರಷ್ಟು ತೂಕ ಕೊಟ್ಟರೆ, ಅಂದರೆ ಅವರ ಒಂದೊಂದು ಭೇಟಿಯನ್ನು ಮೂರನೇ ಒಂದು ಅಂತ ಎಣಿಸಿದರೆ, ಮೇಲಿನ ಲೆಕ್ಕ ಮತ್ತೆ 1.8ಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ಒಬ್ಬರ ಹೆಸರು ಎರಡು ಸಲ ಬಂದಿದ್ದರೂ ಇದೇ ಉಪಾಯ. ಆದರೆ ಮಂಡಿಗೆ ಬಾರದವರಿಗೆ ಯಾವ ತೂಕವೂ ಕೆಲಸ ಮಾಡುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಅವರಿಗಾಗಿ ಹಳ್ಳಿಗೆ ಹೋಗಬೇಕು. ಹೋಗಲು ಆಗದಿದ್ದರೆ ವರದಿಯ ಹೆಸರು ಬದಲಾಯಿಸಿ: ‘ಮಂಡಿಗೆ ಬಂದ ಬೆಳೆಗಾರರು’. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

‘ಬೆಳೆಗಾರ’ ಅನ್ನುವ ಪದವನ್ನೂ ಒಮ್ಮೆ ತಟ್ಟಿ ನೋಡಿ. ಪಹಣಿಯಲ್ಲಿ ಹೆಸರಿರುವವರು ಬೆಂಗಳೂರಲ್ಲಿರಬಹುದು. ಉಳುವವರು ಪಾಲಿಗೋ ಗುತ್ತಿಗೆಗೋ ಬಾಯಿಮಾತಲ್ಲಿ ಮಾಡಿಕೊಂಡಿರಬಹುದು. ಗೊಬ್ಬರ, ಔಷಧಿ ಕೊಳ್ಳುವವರು, ಸಾಲ ಮಾಡುವವರು ಇವರೇ. ಕೃಷಿ ಗಣತಿಯೂ ಯಾರ ಹೆಸರಲ್ಲಿದೆ ಅಂತ ನೋಡುವುದಿಲ್ಲ, ಯಾರು ಬೇಸಾಯ ನಡೆಸುತ್ತಿದ್ದಾರೆ ಅಂತ ನೋಡುತ್ತದೆ. ಪಹಣಿ ಪಟ್ಟಿಯಿಂದ ಆರಿಸಿದರೆ ಬಾಯಿಮಾತಿನ ಗುತ್ತಿಗೆ ರೈತರು ಬಹುಪಾಲು ಬಿಟ್ಟುಹೋಗುತ್ತಾರೆ.

ಲಕ್ಷಣ: ಬಾಗಿಲು ತಟ್ಟಿದಲ್ಲೆಲ್ಲ ‘ಅವರು ಈಗ ಇಲ್ಲಿಲ್ಲ’ ಅನ್ನುತ್ತಿದ್ದಾರೆ

ಪಟ್ಟಿ ಹಳೆಯದು. 2011ರ ನಂತರ ನಡೆಯಬೇಕಿದ್ದ ಜನಗಣತಿ 2021ರಲ್ಲಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನ. ಹಾಗಾಗಿ ಎಷ್ಟೋ ಜನ ಹದಿನೈದು ವರ್ಷ ಹಳೆಯ ಹಳ್ಳಿ ಲೆಕ್ಕದ ಮೇಲೆ ಮಾದರಿ (ಎಲ್ಲರ ಬದಲು ಆರಿಸಿ ಕೇಳುವ ಕೆಲವರು) ಹಂಚುತ್ತಿದ್ದಾರೆ. ಅಷ್ಟರಲ್ಲಿ ನರಸಾಪುರ, ವೇಮಗಲ್, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಸುತ್ತ ಬಾಡಿಗೆ ಕೋಣೆಗಳು ಎದ್ದಿವೆ. ಆ ಕೋಣೆಗಳಲ್ಲಿ ಇರುವವರು ಯಾವ ಹಳೇ ಪಟ್ಟಿಯಲ್ಲೂ ಇಲ್ಲ.

ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದರಲ್ಲಿ 18 ತುಂಬದವರು ಇರುವುದಿಲ್ಲ. ಊರಲ್ಲಿ ಓಟು ಇಟ್ಟುಕೊಂಡು ಬೆಂಗಳೂರಲ್ಲಿ ಮನೆ ಮಾಡಿದವರು ಇರುತ್ತಾರೆ. ಇಲ್ಲಿ ಬಂದು ದುಡಿಯುವ ಹೊರರಾಜ್ಯದವರು ಸಾಮಾನ್ಯವಾಗಿ ಇರುವುದಿಲ್ಲ. ಮತದಾನದ ಬಗ್ಗೆ ಕೇಳುವುದಕ್ಕೆ ಸರಿ, ಶಾಂಪೂ ಬಗ್ಗೆ ಕೇಳುವುದಕ್ಕೆ ಸರಿಯಲ್ಲ.

ಮೊದಲ ಮೂವತ್ತು ಬಾಗಿಲಲ್ಲೇ ಎಣಿಸಲು ಶುರು ಮಾಡಿ: ಸತ್ತವರು, ಊರು ಬಿಟ್ಟವರು, ಮನೆಯೇ ಇಲ್ಲದ್ದು, ಬೀಗ ಹಾಕಿದ್ದು. ಈ ನಾಲ್ಕಕ್ಕೂ ಬೇರೆ ಬೇರೆ ಗುರುತು ಇಡಿ. ಎಲ್ಲವನ್ನೂ ‘ಸಿಗಲಿಲ್ಲ’ ಅಂತ ಒಂದೇ ಡಬ್ಬಿಗೆ ಹಾಕಿದರೆ ಆಮೇಲೆ ದೋಷ ಹುಡುಕಲಾಗದು. ಬೀಗ ಹಾಕಿದ ಮನೆ ನಿಮ್ಮ ಗುಂಪಿನದೇ, ಸಂಜೆ ಮತ್ತೆ ಹೋಗಬೇಕು. ಊರು ಬಿಟ್ಟವರು ನಿಮ್ಮ ಗುಂಪಿನವರಲ್ಲ.

ಪಟ್ಟಿಯಲ್ಲಿ ಬಿಟ್ಟುಹೋದ ಹೊಸ ಮನೆಗಳಿಗೆ ಒಂದು ಹಳೇ ಉಪಾಯವಿದೆ. ಆರಿಸಿದ ಮನೆಗೂ ಪಟ್ಟಿಯ ಮುಂದಿನ ಮನೆಗೂ ನಡುವೆ ಪಟ್ಟಿಯಲ್ಲಿಲ್ಲದ ಮನೆ ಎದ್ದಿದ್ದರೆ ಅದನ್ನೂ ಸೇರಿಸಿಕೊಳ್ಳುವುದು. ಒಂದೆರಡು ಮನೆಗೆ ಇದು ಸಾಕು. ಇಡೀ ಲೇಔಟ್ ಎದ್ದಿದ್ದರೆ ಸಾಲದು. ಆಗ ಕೆಲಸ ನಿಲ್ಲಿಸಿ, ಆ ಬೀದಿಗಳನ್ನು ನಡೆದು ಹೊಸದಾಗಿ ಮನೆಪಟ್ಟಿ ಮಾಡಬೇಕು. ಇಬ್ಬರಿಗೆ ಒಂದು ದಿನದ ಕೆಲಸ. ಬೇಜಾರು ಹಿಡಿಸುತ್ತದೆ, ಆದರೆ ಅದನ್ನು ಉಳಿಸಲು ಹೋಗಿ ವರದಿಯನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಲಕ್ಷಣ: ಉತ್ತರ ಕೊಟ್ಟವರೆಲ್ಲ ಒಂದೇ ಥರದವರು

ವಯಸ್ಸು, ಗಂಡು ಹೆಣ್ಣು, ಕೆಲಸ, ಮನೆಮಾತು ಈ ನಾಲ್ಕರ ಲೆಕ್ಕ ತೆಗೆಯಿರಿ. ಮಾಡಲು ಅರ್ಧ ಗಂಟೆ ಸಾಕು.

ಮುದುಕರು ಜಾಸ್ತಿ ಇದ್ದರೆ ಹೋದ ಹೊತ್ತು ಸರಿ ಇಲ್ಲ. ಹನ್ನೊಂದು ಗಂಟೆಗೆ ಮಾಲೂರಿನಲ್ಲೋ ಬಂಗಾರಪೇಟೆಯಲ್ಲೋ ಬಾಗಿಲು ತಟ್ಟಿದರೆ ದುಡಿಯುವವರು ಆಗಲೇ ಬೆಂಗಳೂರು ರೈಲು ಹತ್ತಿ ಹೋಗಿರುತ್ತಾರೆ. ತುಮಕೂರಲ್ಲೂ ಅಷ್ಟೇ. ಕನ್ನಡ ಮನೆಮಾತಿನವರೇ ತುಂಬಿದ್ದರೆ ಫಾರಂ ನೋಡಿ. ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಊರೂರಲ್ಲಿ ಉರ್ದು ಇದೆ. ತೆಲುಗು ಬಾರದ ಹುಡುಗ ಬಾಗೇಪಲ್ಲಿಯಲ್ಲಿ ‘ಮಾತಾಡಲು ಒಪ್ಪಲಿಲ್ಲ’ ಅಂತ ಬರೆದ ಫಾರಂಗಳಲ್ಲಿ ಎಷ್ಟೋ ನಿಜವಾಗಿ ‘ಮಾತು ಅರ್ಥವಾಗಲಿಲ್ಲ’.

ಫೋನ್ ಅಥವಾ ವಾಟ್ಸಾಪ್ ಲಿಂಕ್ ಕಳಿಸಿ ಮಾಡಿದ ಸರ್ವೆಯಾದರೆ ಇನ್ನೂ ಹುಷಾರು. ಸಂಖ್ಯೆ ದೊಡ್ಡದಿದ್ದರೆ ದೋಷ ತಾನಾಗೇ ಹೋಗುತ್ತದೆ ಅಂತ ಜನ ನಂಬುತ್ತಾರೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನಕ್ಕೆ ಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಪತ್ರಿಕೆಯ ಪಟ್ಟಿ ಬಂದದ್ದು ಬಹುಪಾಲು ಟೆಲಿಫೋನ್ ಪುಸ್ತಕ ಮತ್ತು ಕಾರು ನೋಂದಣಿಯಿಂದ. ಅದು ಆರ್ಥಿಕ ಕುಸಿತದ ಕಾಲ. ಫೋನು, ಕಾರು ಇದ್ದವರೇ ಬೇರೆ, ಓಟು ಹಾಕಿದವರೇ ಬೇರೆ. ಪಟ್ಟಿಯೊಂದೇ ಕಾರಣವಲ್ಲ, ಉತ್ತರ ಕಳಿಸಿದವರೂ ಕಳಿಸದವರಿಗಿಂತ ಬೇರೆ ಮನಸ್ಸಿನವರಾಗಿದ್ದರು ಅಂತ ಆಮೇಲೆ ಲೆಕ್ಕ ಹಾಕಿದವರು ತೋರಿಸಿದರು.

ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನುವುದೂ ಇದೇ ದೋಷದ ಕೊಂಬೆ. ಗುಂಪು ‘ವಯಸ್ಕರು’ ಅಂತಿದ್ದರೆ ಬಾಗಿಲು ತೆಗೆದವರನ್ನೇ ಕೇಳುವ ಹಾಗಿಲ್ಲ. ‘ಇತ್ತೀಚೆಗೆ ಹುಟ್ಟುಹಬ್ಬ ಬಂದವರು ಯಾರು’ ಅಂತ ಕೇಳಿ ಆರಿಸುವ ಪದ್ಧತಿ ಪಟ್ಟಣದಲ್ಲಿ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರು ತುಂಬಾ ಜನ ಇದ್ದಾರೆ. ಅಲ್ಲಿ ಸರ್ವೆ ತಜ್ಞ ಲೆಸ್ಲಿ ಕಿಶ್ 1949ರಲ್ಲಿ ಕೊಟ್ಟ ಚೌಕಗಳ ಕೋಷ್ಟಕವೇ ವಾಸಿ: ಮನೆಯ ವಯಸ್ಕರ ಹೆಸರು ಬರೆದುಕೊಂಡು, ಮೊದಲೇ ಅಚ್ಚಾದ ಕೋಷ್ಟಕ ಹೇಳಿದವರನ್ನು ಕೇಳುವುದು. ಹುಡುಗರಿಗೆ ಕಲಿಸಲು ಅರ್ಧ ದಿನ ಬೇಕು.

ಲಕ್ಷಣ: ಸರ್ವೆಯಲ್ಲಿ ಎಲ್ಲರೂ ಮೆಚ್ಚಿದರು, ಅಂಗಡಿಯಲ್ಲಿ ಸರಕು ಹಾಗೇ ಕೂತಿದೆ

ಬಳಸುವವರು, ಆರಿಸುವವರು, ದುಡ್ಡು ಕೊಡುವವರು ಬೇರೆ ಬೇರೆ ಅನ್ನುವುದು ಮರೆತಿದೆ. ಪಶು ಆಹಾರದ ಕಥೆಗೇ ಬರುತ್ತೇನೆ. ಬೆಳಿಗ್ಗೆ ಡೇರಿ ಸಾಲಲ್ಲಿ ಕ್ಯಾನು ಹಿಡಿದು ನಿಂತವರಲ್ಲಿ ಹೆಂಗಸರೇ ಜಾಸ್ತಿ. ಹಾಲು ಅಳೆದು, ಫ್ಯಾಟು ನೋಡಿ, ಪಾಸ್‌ಬುಕ್ಕಿನಲ್ಲಿ ಬರೆದುಕೊಡುತ್ತಾರೆ. ಆ ಪುಸ್ತಕದ ಮೇಲಿನ ಹೆಸರು ಎಷ್ಟೋ ಸಲ ಗಂಡನದು, ಮಾವನದು. ನಮ್ಮ ಹುಡುಗರು ಪಟ್ಟಿಯಲ್ಲಿದ್ದ ಹೆಸರನ್ನೇ ಹುಡುಕಿಕೊಂಡು ಹೋಗಿ ಗಂಡಸರನ್ನು ಮಾತಾಡಿಸಿದ್ದರು. ಹಿಂಡಿ ಬದಲಾಯಿಸಿದರೆ ಹಸು ಮೂಸಿ ನೋಡಿ ಬಿಡುತ್ತದೋ ತಿನ್ನುತ್ತದೋ ಅನ್ನುವುದು ಕೊಟ್ಟಿಗೆಯಲ್ಲಿ ನಿಂತವರಿಗೆ ಗೊತ್ತು. ಮೂಟೆಗೆ ದುಡ್ಡು ಕೊಟ್ಟವರಿಗೆ ರೇಟು ಗೊತ್ತು. ಇಬ್ಬರನ್ನೂ ಕೇಳಬೇಕಿತ್ತು, ಬೇರೆ ಬೇರೆ ಪ್ರಶ್ನೆ ಕೇಳಬೇಕಿತ್ತು.

ಅವಧಿಯನ್ನೂ ಇಲ್ಲೇ ನೋಡಿಬಿಡಿ. ರೇಷ್ಮೆ ಹುಳು ಸಾಕಿ ಗೂಡು ಕಟ್ಟಿಸಲು ಸುಮಾರು ನಾಲ್ಕು ವಾರ ಬೇಕು, ಬೆಳೆ ಬೆಳೆಗೂ ನಡುವೆ ಬಿಡುವಿರುತ್ತದೆ. ‘ಈಗ ಹುಳು ಸಾಕುತ್ತಿದ್ದೀರಾ?’ ಅಂದರೆ ಬಿಡುವಲ್ಲಿರುವ ಬೆಳೆಗಾರ ‘ಇಲ್ಲ’ ಅನ್ನುತ್ತಾರೆ, ಅಲ್ಲಿಗೆ ಅವರು ಹೊರಗೆ. ಯಾರು ಬೆಳೆಗಾರರು ಅಂತ ಗುರುತಿಸಲು ಒಂದು ವರ್ಷದ ಅವಧಿ ಹಿಡಿಯಿರಿ. ಖರ್ಚಿನ ಲೆಕ್ಕ ಕೇಳಲು ಹೋದ ಬೆಳೆಯಷ್ಟೇ ಸಾಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಬಿಟ್ಟುಹೋದವರ ಪಾಲು ಎಷ್ಟು ಅಂತ ಅಂದಾಜೂ ಮಾಡಲು ಆಗದಿದ್ದರೆ ನಿಲ್ಲಿಸಿ. ಹೊಸ ಮಾದರಿ, ತೂಕದ ಲೆಕ್ಕ, ಎರಡು ಪಟ್ಟಿ ಸೇರಿಸುವುದು ಇವೆಲ್ಲ ಸಂಖ್ಯಾಶಾಸ್ತ್ರ ಓದಿದವರ ಕೆಲಸ. ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ಅಥವಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ವಿಭಾಗದಲ್ಲಿ ಕೇಳಿ. ಹೋಗುವಾಗ ಆ ಚೀಟಿ, ಪಟ್ಟಿ ಎಲ್ಲಿಂದ ಬಂತು ಅನ್ನುವ ವಿವರ, ಸಿಗದವರ ಲೆಕ್ಕ, ಈ ಮೂರನ್ನು ತೊಗೊಂಡು ಹೋಗಿ. ಬರೀ ಕೊನೆಯ ಟೇಬಲ್ ತೋರಿಸಿದರೆ ಅವರಿಂದಲೂ ಏನೂ ಮಾಡಲಾಗದು. ವರದಿ ಮೇಲೆ ಸಾಲ, ಸಹಾಯಧನ, ಪರಿಹಾರದ ತೀರ್ಮಾನ ಆಗುವುದಿದ್ದರೆ ದೋಷ ಚಿಕ್ಕದಾಗಿ ಕಂಡರೂ ಕೇಳಿಯೇ ಮುಂದೆ ಹೋಗಿ. ಬಿಟ್ಟುಹೋದ ಮನೆಗೆ ದುಡ್ಡೂ ತಪ್ಪುತ್ತದೆ.

ಫಲಿತಾಂಶ ನೋಡಿದ ಮೇಲೆ ಗುಂಪಿನ ವ್ಯಾಖ್ಯೆ ತಿದ್ದಬೇಡಿ. ಸಂಖ್ಯೆ ಚೆನ್ನಾಗಿ ಕಾಣಲಿ ಅಂತ ‘ಎರಡು ಹಸುವಿಗಿಂತ ಕಡಿಮೆ ಇದ್ದವರನ್ನು ಬಿಟ್ಟುಬಿಡೋಣ’ ಅಂದರೆ ಅದು ದುರಸ್ತಿ ಅಲ್ಲ, ಮೋಸ. ತಿದ್ದಲೇಬೇಕಾಗಿ ಬಂದರೆ ಹಳೆಯದು, ಹೊಸದು ಎರಡನ್ನೂ ವರದಿಯಲ್ಲಿ ಬರೆಯಿರಿ.

ಜನರ ಬಗ್ಗೆಯೂ ಎಚ್ಚರ ಬೇಕು. ಪಟ್ಟಿ ಸರಿಮಾಡುವ ನೆಪದಲ್ಲಿ ಆಧಾರ್ ನಂಬರ್, ಬ್ಯಾಂಕ್ ವಿವರ ಕೇಳಬೇಡಿ. ಸಂಘದ ಪಟ್ಟಿಯನ್ನು ಅವರ ಒಪ್ಪಿಗೆ ಇಲ್ಲದೆ ಫೋನಲ್ಲಿ ಫೋಟೊ ಹೊಡೆದು ತರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರು ಮಕ್ಕಳು, ಅವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕು. ಸಂಜೆ ಹೊತ್ತಿನ ಭೇಟಿಗೆ ಇಬ್ಬಿಬ್ಬರನ್ನು ಕಳಿಸಿ. ರೀಲಿಂಗ್ ಶೆಡ್ಡಿನಲ್ಲಿ ನೀರು ಕುದಿಯುತ್ತಿರುತ್ತದೆ, ಕೆಲಸ ನಡೆಯುವಾಗ ಬೇಸಿನ್ ಪಕ್ಕ ನಿಂತು ಪ್ರಶ್ನೆ ಕೇಳಬೇಡಿ, ಬಿಡುವಾದ ಮೇಲೆ ಕೇಳಿ.

ನಮ್ಮ ಸರ್ವೆಯನ್ನು ಆಮೇಲೆ ಸರಿಮಾಡಿದೆವು. ಹದಿನಾಲ್ಕು ಹಳ್ಳಿಯಲ್ಲಿ ಬೀದಿ ಬೀದಿ ನಡೆದು, ಒಲೆ ಎಣಿಸಿ, ಕೊಟ್ಟಿಗೆ ನೋಡಿ ಹೊಸ ಪಟ್ಟಿ ಬರೆದೆವು. ಡೇರಿ ಪಟ್ಟಿಯಲ್ಲಿದ್ದು ಹಸು ಮಾರಿಬಿಟ್ಟಿದ್ದವರನ್ನು ತೆಗೆದೆವು. ವರ್ತನೆ ಹಾಲಿನವರು, ಮನೆ ಮಟ್ಟಿಗೆ ಒಂದು ಹಸು ಕಟ್ಟಿಕೊಂಡವರು ಸೇರಿದರು. ಆ ಅಜ್ಜಿಯ ಮನೆಗೆ ನಾನೇ ಹೋದೆ. ಹಿಂಡಿಗೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಕೇಳಿದೆ. ಅವರು ಗೋಡೆಯ ಗೂಡಿನಲ್ಲಿದ್ದ ಮೊಮ್ಮಗನ ಹಳೇ ನೋಟ್‌ಬುಕ್ ತಂದರು. ಪ್ರತಿ ಮೂಟೆಯ ತಾರೀಕು, ಪ್ರತಿ ಮನೆಯ ವರ್ತನೆ ಬಾಕಿ, ಎಲ್ಲ ಅದರಲ್ಲಿ ಬರೆದಿತ್ತು.